ನಮ್ಮ ಮನೆಯ ಬಸುರಿಯರ ಹಸಿವು

ಮಗಳು ಐದು ತಿಂಗಳ ಬಸುರಿಯಾಗಿದ್ದಾಗ ಒಂದು ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದಿದ್ದಳು. ಅವಳ ಗಂಡನ ಮನೆಯೂ ಬೆಳಗಾವಿಯಲ್ಲೇ, ಸ್ಕೂಟರಿನಲ್ಲಿ ಹದಿನೈದು ನಿಮಿಷದ ದಾರಿ. ನಾನು ರೊಟ್ಟಿ ಬಡಿಯುತ್ತಿದ್ದೆ, ಅವ್ವ ಬಡಿಸುತ್ತಿದ್ದಳು. ಒಲೆಯ ಮೇಲಿಂದ ಇಳಿಸಿದ ಬಿಸಿ ರೊಟ್ಟಿಯನ್ನು ನಾನೇ ತಂದು ಮಗಳ ತಾಟಿಗೆ ಹಾಕಲು ಹೋದೆ. ಅವ್ವ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ನಡುವೆ ಮುರಿದು, ಅರ್ಧವನ್ನು ತಾಟಿಗೆ ಹಾಕಿ ಇನ್ನರ್ಧವನ್ನು ಬುಟ್ಟಿಗೆ ವಾಪಸು ಇಟ್ಟಳು.

“ಇಷ್ಟ ಸಾಕು. ಕೂಸು ದೊಡ್ಡದಾದ್ರ ಹಡಿಯೂದು ತ್ರಾಸ ಆಗತೈತಿ,” ಎಂದಳು.

ಮಗಳು ನಕ್ಕು, “ಅಜ್ಜೀ, ನನಗ ಹಸಿವಿ ಐತಿ,” ಎಂದಳು.

“ಹಸಿವಿ ಏನ, ಬಂದು ಹೋಗತೈತಿ. ನೀರ ಕುಡಿ.”

ನನಗೆ ನಗು ಬರಲಿಲ್ಲ. ಇಪ್ಪತ್ತೇಳು ವರ್ಷಗಳ ಹಿಂದೆ ಇದೇ ಮಗಳು ನನ್ನ ಹೊಟ್ಟೆಯಲ್ಲಿದ್ದಾಗ ಅವ್ವ ಇದೇ ಮಾತನ್ನು ನನಗೂ ಹೇಳಿದ್ದಳು. ಆಗ ನಾನು ಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಇಲ್ಲಿನ ಒಂದು ಪಿಯು ಕಾಲೇಜಿನಲ್ಲಿ ಹೊಸದಾಗಿ ಪಾಠ ಹೇಳಲು ಸೇರಿದ್ದೆ. ಬಸುರಿ ಎಷ್ಟು ಉಣ್ಣಬೇಕು ಎಂಬುದು ನನಗೆ ಪುಸ್ತಕದಲ್ಲಿ ಗೊತ್ತಿತ್ತು. ಆದರೂ ಏಳನೇ ತಿಂಗಳಿಗೆ ಅವ್ವನ ಮನೆಗೆ ಬಂದವಳು ಅವಳು ಹಾಕಿದಷ್ಟನ್ನೇ ಉಂಡು ಏಳುತ್ತಿದ್ದೆ. ಹಸಿವೆಯೆಂದು ಒಮ್ಮೆಯೂ ಹೇಳಲಿಲ್ಲ. ಮಗಳು ಹುಟ್ಟಿದಾಗ ಎರಡು ಕಿಲೋ ನೂರು ಗ್ರಾಂ ಇದ್ದಳು.

ನಮ್ಮ ಮನೆಯವರ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಅವ್ವನಿಗೀಗ ಎಪ್ಪತ್ತೆರಡು. ಗಾಳಿಗೆ ಹಾರಿಹೋಗುವಷ್ಟು ತೆಳ್ಳಗಿದ್ದಾಳೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಆರುವ ಮೊದಲೇ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಂಡು, ಆಮೇಲೆ ನಾಷ್ಟಾಕ್ಕೆ ಕೂರುವುದು ಅವಳ ಇಪ್ಪತ್ತು ವರ್ಷಗಳ ರೂಢಿ. ನಾನೂ ದಪ್ಪಗಿಲ್ಲ. ನನಗೆ ನಲವತ್ತಕ್ಕೇ ಶುಗರ್ ಬಂತು. ಇದು ಉಂಡು ಕೊಬ್ಬಿದವರ ಕಾಯಿಲೆ ಎಂದುಕೊಂಡವರು ನಮ್ಮಿಬ್ಬರನ್ನು ನೋಡಿ, “ನಿಮಗೆಂಗ ಬಂತ್ರೀ?” ಎಂದು ಕೇಳುತ್ತಾರೆ. ಬಹಳ ದಿನ ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಆರನೇ ತಿಂಗಳಲ್ಲಿ ಮಗಳಿಗೆ ಗ್ಲೂಕೋಸ್ ನೀರು ಕುಡಿಸಿ ರಕ್ತ ಪರೀಕ್ಷೆ ಮಾಡಿದರು. ಶುಗರ್ ಹೆಚ್ಚಿತ್ತು. ಡಾಕ್ಟರಮ್ಮ ಗಾಬರಿಯಾಗುವಂಥದ್ದಲ್ಲ ಎಂದು ಸಮಾಧಾನ ಹೇಳಿ, ಒಂದೊಂದೇ ಪ್ರಶ್ನೆ ಕೇಳುತ್ತ ಬರೆದುಕೊಂಡರು. ತಾಯಿಗೆ ಐತಾ? ಐತಿ. ತಾಯಿಯ ತಾಯಿಗೆ? ಐತಿ. ಆಮೇಲೆ ಮಗಳತ್ತ ನೋಡಿ, “ನೀವು ಹುಟ್ಟಿದಾಗ ತೂಕ ಎಷ್ಟಿತ್ತು? ಕಡಿಮೆ ತೂಕದಾಗ ಹುಟ್ಟಿದವರಿಗೆ ಇದು ಬರೋ ಸಾಧ್ಯತೆ ಸ್ವಲ್ಪ ಜಾಸ್ತಿ,” ಎಂದರು.

ಮಗಳು ನನ್ನ ಮುಖ ನೋಡಿದಳು.

“ನೆನಪಿಲ್ಲರೀ,” ಎಂದುಬಿಟ್ಟೆ.

ಯಾವ ತಾಯಿಗೆ ಮಗುವಿನ ಮೊದಲ ತೂಕ ಮರೆಯುತ್ತದೆ? ಡಾಕ್ಟರಮ್ಮ ಪೆನ್ನು ಎತ್ತಿ ನನ್ನನ್ನೊಮ್ಮೆ ನೋಡಿ ಮುಂದಿನ ಸಾಲಿಗೆ ಹೋದರು. ದಿನಕ್ಕೆ ಐದು ಸಲ, ಅಳತೆಯಲ್ಲಿ ಉಣ್ಣಬೇಕು. ಕಾಳು, ಮೊಸರು, ಸೊಪ್ಪು ಹೆಚ್ಚಿರಬೇಕು. ಹಸಿದುಕೊಂಡು ಮಾತ್ರ ಇರಬಾರದು ಎಂದು ಬರೆದುಕೊಟ್ಟರು.

ಮನೆಗೆ ಬಂದು ವಿಷಯ ತಿಳಿಸಿದಾಗ ಅವ್ವನ ಕಣ್ಣಲ್ಲಿ ಗೆಲುವಿತ್ತು. “ನಾ ಏನ ಹೇಳಿದ್ದೆ? ಕಡಿಮಿ ಉಣ್ಣು ಅಂತ ಹೇಳಿದ್ದೆ. ಡಾಕ್ಟರೂ ಅದನ್ನ ಹೇಳಿದ್ರು.”

“ಕಡಿಮಿ ಉಣ್ಣು ಅಂದಿಲ್ಲವ್ವ. ಅಳತೀಲೆ ಉಣ್ಣು ಅಂದಾರ. ಐದು ಸಲ.”

“ಅಳತಿ ಅಂದ್ರ ಕಡಿಮೀನ.” ಅವ್ವ ಮುಂದುವರಿಸಿದಳು, “ನಾ ಸಣ್ಣಾಕಿ ಹುಟ್ಟಿದ್ದಕ್ಕ ನಮ್ಮವ್ವ ಉಳದ್ಲು. ಇಲ್ಲಂದ್ರ ಅವತ್ತ ಹೋಗತಿದ್ಲು. ನಿನಗೇನ ಗೊತ್ತೈತಿ?”

ಆ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ. ಅದರ ಹಿಂದೆ ಏನಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಅವ್ವನಿಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಗೊತ್ತಿದ್ದವರು ಒಬ್ಬರೇ ಉಳಿದಿದ್ದರು. ಅವ್ವನ ಅಕ್ಕ, ನನ್ನ ದೊಡ್ಡವ್ವ. ಎಂಬತ್ತು ವರ್ಷದವಳು, ಖಾನಾಪುರದ ಆಚೆಯ ಬೀಡಿ ಎಂಬ ಊರಿನಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಇದ್ದಾಳೆ.

ಏಳನೇ ತಿಂಗಳಲ್ಲಿ ಕುಬಸ ಮಾಡುವುದೆಂದು ಗೊತ್ತಾಯಿತು. ಮಗಳಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಉಡಿ ತುಂಬುವ ಕಾರ್ಯ. ಅದಕ್ಕೆ ದೊಡ್ಡವ್ವನನ್ನು ಕರೆಯುವ ನೆಪದಲ್ಲಿ ಖಾನಾಪುರಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಬೀಡಿಗೆ ಹೋದೆ. ದೊಡ್ಡವ್ವ ಪಡಸಾಲೆಯಲ್ಲಿ ಮೊರದ ತುಂಬ ಅಕ್ಕಿ ಹರವಿಕೊಂಡು ಕಲ್ಲು ಆರಿಸುತ್ತಿದ್ದಳು. ಕನ್ನಡಕ ಹಾಕಿರಲಿಲ್ಲ. ಸೊಸೆ ತಂದುಕೊಟ್ಟ ಹೋಳಿಗೆಯ ಮೇಲೆ ನನ್ನ ಕಣ್ಣೆದುರೇ ಎರಡು ಚಮಚ ತುಪ್ಪ ಸುರಿದುಕೊಂಡು ತಿಂದಳು. ಅವಳಿಗೆ ಶುಗರ್ ಇಲ್ಲ, ಬಿಪಿ ಇಲ್ಲ. ಮಂಡಿನೋವು ಮಾತ್ರ.

“ದೊಡ್ಡವ್ವ, ನಮ್ಮವ್ವ ಯಾಕ ಅಷ್ಟ ಸಣ್ಣಾಕಿ ಹುಟ್ಟಿದ್ಲು?” ಎಂದು ಕೇಳಿದೆ.

ಅವಳ ಬೆರಳು ಅಕ್ಕಿಯಲ್ಲೇ ನಿಂತಿತು.

“ಯಾಕ ಕೇಳಾಕತ್ತಿ?”

ಮಗಳ ಶುಗರ್ ವಿಷಯ, ಅವ್ವ ರೊಟ್ಟಿ ಮುರಿದ ವಿಷಯ ಎಲ್ಲ ಹೇಳಿದೆ. ದೊಡ್ಡವ್ವ ಮೊರವನ್ನು ಪಕ್ಕಕ್ಕೆ ಸರಿಸಿ, ಒಳಗಿದ್ದ ಸೊಸೆಗೆ ಬಾಗಿಲು ಎಳೆದುಕೊಳ್ಳಲು ಹೇಳಿದಳು.

“ನಮ್ಮ ಆಯಿ, ಅಂದ್ರ ನಮ್ಮಪ್ಪನ ಅವ್ವ, ಕೆಟ್ಟಾಕಿ ಇರಲಿಲ್ಲ ಮಗಳ. ಅಂಜಿದಾಕಿ ಇದ್ಲು. ಆಕಿ ಹಿರೇ ಮಗಳು, ನಮ್ಮ ಸೋದರತ್ತಿ, ಚೊಚ್ಚಲ ಹಡಿಯಾಕ ತವರಮನಿಗೆ ಬಂದಿದ್ಲು. ತುಪ್ಪಾ, ಬೆಲ್ಲಾ ಹಾಕಿ ಮಗಳನ್ನ ಚೊಲೊತ್ನ್ಯಾಗ ಸಾಕಿದ್ಲು ಆಯಿ. ಕೂಸು ದೊಡ್ಡದಾತು. ಮೂರು ದಿನಾ ಬ್ಯಾನಿ ತಿಂದ್ಲು. ಕಡೀಕ ಚಕ್ಕಡಿ ಹೂಡಿಕೊಂಡು ಖಾನಾಪುರ ದವಾಖಾನಿಗೆ ಹೊಂಟ್ರು. ದಾರ್ಯಾಗ ತಾಯಿನೂ ಹೋದ್ಲು, ಕೂಸೂ ಹೋತು.”

ಸೂಲಗಿತ್ತಿ ಆಗ ಒಂದು ಮಾತು ಆಡಿದಳಂತೆ: ನೀವು ಉಣಿಸಿ ಉಣಿಸಿ ಕೂಸನ್ನು ಬೆಳೆಸಿದಿರಿ, ತಾಯಿಯನ್ನು ಕಳಕೊಂಡಿರಿ. ಮಾರನೆಯ ವರ್ಷ ಸೊಸೆ ಬಸುರಿಯಾದಳು. ಸೊಸೆ ಎಂದರೆ ನನ್ನ ಅಜ್ಜಿ. ಆ ಹೊಟ್ಟೆಯಲ್ಲಿದ್ದವಳು ಅವ್ವ. ಐದನೇ ತಿಂಗಳಿನಿಂದ ಅಜ್ಜಿಯ ತಾಟಿಗೆ ಹೊತ್ತಿಗೆ ಅರ್ಧ ರೊಟ್ಟಿ, ನೀರು ಮಜ್ಜಿಗೆ.

“ನನಗ ಆವಾಗ ಎಂಟ ವರ್ಷ,” ದೊಡ್ಡವ್ವ ಮುಂದುವರಿಸಿದಳು. “ಆಯಿ ನನ್ನ ಅಡಗಿಮನಿ ಬಾಗಲದಾಗ ಕುಂದರಿಸತಿದ್ಲು. ‘ನಿಮ್ಮವ್ವ ಏನರ ತಿಂದ್ರ ಬಂದು ನನಗ ಹೇಳು. ಇಲ್ಲಂದ್ರ ನಿಮ್ಮತ್ತಿ ಹೋದಂಗ ನಿಮ್ಮವ್ವನೂ ಹೋಗತಾಳ’ ಅಂತಿದ್ಲು. ಒಂದಿನ ಅವ್ವ ಕಣಜದ ಹಿಂದ ನಿಂತು ಶೇಂಗಾ ತಿನ್ನಾಕತ್ತಿದ್ಲು. ನನ್ನ ನೋಡಿ ನನ್ನ ಕೈಯಾಗೂ ಒಂದು ತುಣುಕು ಬೆಲ್ಲಾ ಇಟ್ಲು. ಯಾರ ಮುಂದೂ ಹೇಳಬ್ಯಾಡ ಅಂದ್ಲು. ನಾ ಬೆಲ್ಲಾ ತಿಂದೆ. ಹೋಗಿ ಆಯಿಗೆ ಹೇಳಿದೆ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

“ನಮ್ಮವ್ವ ಸಾಯಬಾರದು ಅಂತ ಹೇಳಿದೆ. ಆವತ್ತ ಶೇಂಗಾದ ಗಡಗಿ ಅಟ್ಟಾ ಏರಿತು. ನಿಮ್ಮವ್ವ ಹುಟ್ಟಿದ್ಲು, ಬೆಕ್ಕಿನ ಮರಿ ಇದ್ದಂಗ ಇದ್ಲು. ಅವ್ವ ಉಳದ್ಲು. ಊರಾಗ ಎಲ್ಲಾರೂ ಆಯಿ ಮಾಡಿದ್ದ ಖರೇ ಅಂದ್ರು. ಮುಂದ ನಮ್ಮ ಮನ್ಯಾಗ ಅದ ಪದ್ಧತಿ ಆತು.”

“ನೀನೂ ನಿನ್ನ ಸೊಸಿಗೆ ಹಂಗ ಮಾಡಿದ್ಯೇನ?”

“ಇಲ್ಲ,” ಎಂದಳು. “ನನಗ ಆ ಬೆಲ್ಲದ ನೆನಪಿತ್ತು. ಆದ್ರ ನಿಮ್ಮವ್ವಗ ಬ್ಯಾಡ ಅಂತ ಹೇಳಾಕ ಬಾಯಿ ಬರಲಿಲ್ಲ. ಹೇಳಿದ್ರ ಎಲ್ಲಾ ಹೇಳಬೇಕಾಕ್ಕಿತ್ತು.”

ವಾಪಸು ಬರುವಾಗ ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಿಟ್ಟು ಕೂತಿದ್ದೆ.

ನಾನು ತರಗತಿಯಲ್ಲಿ ಈ ವಿಷಯವನ್ನು ಎಷ್ಟೋ ಸಲ ಹೇಳಿದ್ದೇನೆ. ವಂಶವಾಹಿಯ ಅಕ್ಷರ ಒಂದೂ ಬದಲಾಗದೆ ಅದರ ಮೇಲೆ ಕೂರುವ ಸಣ್ಣ ರಾಸಾಯನಿಕ ಗುರುತುಗಳು ಬದಲಾಗಬಹುದು. ಯಾವ ವಂಶವಾಹಿ ಎಷ್ಟು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದು ಆ ಗುರುತುಗಳ ಮೇಲೂ ನಿಂತಿರುತ್ತದೆ. ಹೊಟ್ಟೆಯಲ್ಲಿರುವ ಶಿಶುವಿಗೆ ಅನ್ನ ಸಾಲದಿದ್ದರೆ ಅದರ ದೇಹ ಹೊರಗಿನ ಜಗತ್ತಿನಲ್ಲೂ ಅನ್ನ ಕಡಿಮೆಯೆಂದು ನಂಬಿ ಸಿದ್ಧವಾಗುತ್ತದೆ. ಸಿಕ್ಕಷ್ಟನ್ನು ಕೂಡಿಡುವುದನ್ನು ಕಲಿಯುತ್ತದೆ. ಮುಂದೆ ಹೊಟ್ಟೆ ತುಂಬ ಅನ್ನ ಸಿಕ್ಕಾಗ ಆ ಸಿದ್ಧತೆಯೇ ತೊಡಕಾಗಬಹುದು.

ಪಾಠದಲ್ಲಿ ಹೇಳುವಾಗ ಅಲ್ಲಿ ಮನುಷ್ಯರಿರುವುದಿಲ್ಲ. ಆ ದಿನ ಅಲ್ಲಿ ಅಜ್ಜಿ ಇದ್ದಳು, ಕಣಜದ ಹಿಂದೆ. ಹೆಣ್ಣುಶಿಶು ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದರೊಳಗೆ ಮುಂದಿನ ಪೀಳಿಗೆಯ ಅಂಡಗಳು ರೂಪುಗೊಳ್ಳುತ್ತವೆ. ಅಂದರೆ ಅಜ್ಜಿ ಶೇಂಗಾ ಕದ್ದು ತಿನ್ನುವಾಗ ಅವಳೊಳಗೆ ಅವ್ವನಿದ್ದಳು, ಅವ್ವನೊಳಗೆ ನಾನಾಗಲಿದ್ದ ಕಣವೂ ಇತ್ತು. ಮೂವರೂ ಒಟ್ಟಿಗೆ ಹಸಿದಿದ್ದೆವು. ಅಲ್ಲಿ ಇಲ್ಲದಿದ್ದವಳು ಮಗಳೊಬ್ಬಳೇ. ಅವಳಿಗೂ ಏನಾದರೂ ತಲುಪಿದ್ದರೆ ಆಗ ಮಾತ್ರ ಅದನ್ನು ಗುರುತುಗಳ ನಿಜವಾದ ಆನುವಂಶಿಕತೆ ಎನ್ನಬೇಕಾಗುತ್ತದೆ. ಸಸ್ಯಗಳಲ್ಲಿ ಹಾಗಾಗುವುದನ್ನು ಕಂಡಿದ್ದಾರೆ. ಮನುಷ್ಯರಲ್ಲಿ ಆಗುತ್ತದೆಯೋ ಇಲ್ಲವೋ ಎಂಬ ಬಗ್ಗೆ ಬಲ್ಲವರಲ್ಲೇ ಒಮ್ಮತವಿಲ್ಲ, ಏಕೆಂದರೆ ಪ್ರತಿ ಪೀಳಿಗೆಯ ಆರಂಭದಲ್ಲಿ ಹಳೆಯ ಗುರುತುಗಳಲ್ಲಿ ಹೆಚ್ಚಿನವು ಅಳಿಸಿಹೋಗುತ್ತವೆ.

ನಮ್ಮ ಮನೆಯಲ್ಲಂತೂ ಅದನ್ನು ಪರೀಕ್ಷಿಸಿ ನೋಡಲು ದಾರಿಯೇ ಇರಲಿಲ್ಲ. ಅಳಿಸಿಹೋಗುವುದಕ್ಕೆ ನಾವು ಬಿಟ್ಟಿದ್ದರೆ ತಾನೆ? ಅಜ್ಜಿಯ ಹಸಿವು ಅವಳಿಗೇ ಮುಗಿಯಬಹುದಿತ್ತು. ಅವ್ವ ನನ್ನನ್ನು ಹೊತ್ತಾಗ ಮತ್ತೆ ಹಸಿದಳು, ನಾನು ಮಗಳನ್ನು ಹೊತ್ತಾಗ ಮತ್ತೆ ಹಸಿದೆ. ದೊಡ್ಡವ್ವ, ಅವ್ವ ಒಂದೇ ತಾಯಿತಂದೆಯ ಮಕ್ಕಳು. ಅಕ್ಕನಿಗೆ ಎಂಬತ್ತರಲ್ಲಿ ಹೋಳಿಗೆ, ತಂಗಿಗೆ ಐವತ್ತೆರಡರಿಂದ ಇನ್ಸುಲಿನ್. ಇಬ್ಬರನ್ನು ನೋಡಿ ಸಿದ್ಧಾಂತ ಕಟ್ಟಬಾರದೆಂದು ನಾನೇ ಮಕ್ಕಳಿಗೆ ಹೇಳುತ್ತೇನೆ. ಹಾಗಂತ ಕಂಡದ್ದನ್ನು ಕಾಣದಂತೆ ಇರುವುದೂ ಆಗಲಿಲ್ಲ.

ಕುಬಸದ ಹಿಂದಿನ ದಿನವೇ ದೊಡ್ಡವ್ವ ಬಂದಳು. ಕಾರ್ಯವೆಲ್ಲ ಮುಗಿದು, ಬಂದವರು ಊಟ ಮಾಡಿ ಹೋದ ಮೇಲೆ ನಾವು ನಾಲ್ವರು ಒಳಕೋಣೆಯಲ್ಲಿ ಕೂತೆವು. ಮಗಳು ಹಸಿರು ಬಳೆಯ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿದ್ದಳು. ನಾನು ಯಾವ ಮಾತೂ ಎತ್ತಿರಲಿಲ್ಲ. ದೊಡ್ಡವ್ವ ತಾನಾಗಿಯೇ ತಂಗಿಯ ಕೈ ಹಿಡಿದುಕೊಂಡು ನನ್ನೆದುರು ಹೇಳಿದ್ದನ್ನೆಲ್ಲ ಹೇಳಿದಳು. ಬೆಲ್ಲದ ತುಣುಕನ್ನೂ ಬಿಡಲಿಲ್ಲ.

ಅವ್ವ ಕೇಳಿದ್ದು ಒಂದೇ. “ನೀ ಹೇಳಿದ್ದಕ್ಕ ನಮ್ಮವ್ವ ನಿನಗ ಬೈದ್ಲೇನ?”

“ಇಲ್ಲ. ಒಂದು ಮಾತೂ ಅನಲಿಲ್ಲ. ಅದ ನನಗ ಇವತ್ತಿಗೂ ಕೊರೀತೈತಿ.”

“ಎಂಟ ವರ್ಷದಾಕಿ. ನಿನಗೇನ ತಿಳೀತಿತ್ತು,” ಎಂದ ಅವ್ವ ಅಕ್ಕನ ಕೈ ಬಿಡಲಿಲ್ಲ. ಆದರೆ ನನ್ನ ಕಡೆ ತಿರುಗಿದಾಗ ಅವಳ ದನಿ ಬೇರೆಯಾಗಿತ್ತು. “ನೀ ಸಾಲಿ ಕಲಿಸಾಕಿ. ಹಂಗಾರ ನನ್ನ ಶುಗರಿಗೆ ನಮ್ಮವ್ವ ಕಾರಣ, ನಿನ್ನ ಶುಗರಿಗೆ ನಾ ಕಾರಣ. ಇದನ್ನ ಹೇಳಸಾಕ ನಮ್ಮಕ್ಕನ್ನ ಕರಸಿದ್ಯೇನ?”

ತರಗತಿಯಲ್ಲಿ ಬರೀ ತಿಳಿವಳಿಕೆಯಾಗಿದ್ದ ಮಾತು ಮನೆಯೊಳಗೆ ತಾಯಂದಿರ ಮೇಲಿನ ಆರೋಪವಾಗಿ ಕೇಳುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಉತ್ತರ ಕೊಟ್ಟವಳು ಮಗಳು. ಅವಳು ಆಟೋ ನಗರದಲ್ಲಿ ವಾಹನಗಳ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ತಯಾರಾದ ಭಾಗಗಳನ್ನು ಅಳೆದು ಪಾಸು ಮಾಡುವುದು ಅವಳ ಜವಾಬ್ದಾರಿ.

“ಅಜ್ಜೀ, ನಮ್ಮಲ್ಲಿ ಪ್ರತಿ ಪಾರ್ಟ್‌ಗೂ ಒಂದು ಡ್ರಾಯಿಂಗ್ ಇರತೈತಿ. ಅದನ್ನ ಯಾರೂ ಬದಲಿ ಮಾಡೂದಿಲ್ಲ. ಆದ್ರ ಮಶೀನ್ ಮ್ಯಾಲೆ ಇದ್ದವರು ಬಾಜೂಕ ಪೆನ್ಸಿಲ್‌ಲೆ ಬರದಿರತಾರ. ಇಲ್ಲಿ ಸಾವಕಾಶ ಮಾಡ್ರಿ, ಇಲ್ಲಿ ಜಾಸ್ತಿ ಒತ್ತಬ್ಯಾಡ್ರಿ ಅಂತ. ಅವತ್ತಿನ ಕಬ್ಬಿಣ ನೋಡಿ ಬರದಿರತಾರ. ತಪ್ಪು ಮಾಡಬೇಕಂತ ಯಾರೂ ಬರದಿರೂದಿಲ್ಲ. ಹೊಸ ಲಾಟ್ ಕಬ್ಬಿಣ ಬಂದಾಗ ಅದನ್ನೆಲ್ಲಾ ಅಳಸತಾರ. ಮೈಯಾಗಿನ ಗುರುತೂ ಹಂಗ.”

“ಅಳಸಿದ್ರ ಮುಗೀತಲ್ಲ. ಮತ್ಯಾಕ ಈ ರಗಳಿ?”

“ಕೆಲವೊಂದು ಉಳೀಬಹುದು.”

“ಯಾವ್ಯಾವು?”

ಮಗಳು ನನ್ನತ್ತ ನೋಡಿದಳು. ನಾನು, “ಅದು ಇನ್ನೂ ಯಾರಿಗೂ ಪೂರಾ ಗೊತ್ತಿಲ್ಲವ್ವ,” ಎಂದೆ. “ಶುಗರ್ ಒಂದ ಕಾರಣಕ್ಕ ಬರೂದಿಲ್ಲ. ನಿನ್ನಿಂದ ಬಂತು ಅಂತ ನಾ ಹೇಳೂದಿಲ್ಲ.”

ಅವ್ವ ಎದ್ದು ಹಿತ್ತಲಿಗೆ ಹೋದಳು.

ಮರುದಿನ ಬೆಳಿಗ್ಗೆ ನಾನು ಕಾಲೇಜಿಗೆ ಹೊರಡಲು ಸೀರೆ ಉಡುತ್ತಿದ್ದೆ. ಅವ್ವ ಬಾಗಿಲಲ್ಲಿ ಬಂದು ನಿಂತಳು.

“ನೀ ಬಸುರಿದ್ದಾಗ ನಿನಗ ಹಸಿವಿ ಆಗತಿತ್ತೇನ?”

ಇಪ್ಪತ್ತೇಳು ವರ್ಷದಲ್ಲಿ ಅದನ್ನು ಕೇಳಿದ್ದು ಅದೇ ಮೊದಲು.

“ಹೂಂ. ಭಾಳ ಆಗತಿತ್ತವ್ವ.”

“ಮತ್ತ ಯಾಕ ಹೇಳಲಿಲ್ಲ?”

“ನೀ ನನ್ನ ಉಳಸಾಕಂತ ಮಾಡಾಕತ್ತಿದ್ದಿ. ಹೆಂಗ ಹೇಳ್ಲಿ?”

ಅವ್ವ ತಲೆ ಆಡಿಸಿದಳು. “ನನಗೂ ಆಗತಿತ್ತು. ನಾನೂ ಹೇಳಲಿಲ್ಲ,” ಎಂದು ಒಳಗೆ ಹೋದಳು.

ಮಗಳು ಅಷ್ಟರಲ್ಲಿ ಹೆರಿಗೆಗೆಂದು ನಮ್ಮಲ್ಲಿಗೇ ಬಂದಿದ್ದಳು; ಆದರೆ ಕೆಲಸಕ್ಕೆ ಇನ್ನೂ ರಜೆ ಹಾಕಿರಲಿಲ್ಲ. ಅವಳನ್ನು ಆಟೋ ನಗರಕ್ಕೆ ಬಿಡಲು ಆ ದಿನ ನಾನೇ ಕಾರು ತೆಗೆದೆ. ಕಾರ್ಖಾನೆಯ ಗೇಟಿನ ಹತ್ತಿರ ಇಂಜಿನ್ ಆಫ್ ಮಾಡಿ ಹೇಳಿದೆ: ನೀನು ಹುಟ್ಟಿದಾಗ ಎರಡು ಕಿಲೋ ನೂರು ಗ್ರಾಂ ಇದ್ದಿ. ಡಾಕ್ಟರ ಮುಂದೆ ನಾನು ಸುಳ್ಳು ಹೇಳಿದೆ. ನಾನು ಓದಿದವಳು, ಗೊತ್ತಿದ್ದೂ ಅರೆಹೊಟ್ಟೆ ಉಂಡೆ.

ಪಕ್ಕದ ಶೆಡ್ಡಿನಲ್ಲಿ ಲಾರಿಯ ಚಾಸಿಗೆ ವೆಲ್ಡಿಂಗ್ ನಡೆದಿತ್ತು. ಮಗಳು ಅತ್ತಲೇ ನೋಡುತ್ತಿದ್ದಳು. ಸಿಟ್ಟು ಬಂದಿತ್ತೆಂದು ಅವಳ ಗಲ್ಲ ಬಿಗಿದದ್ದರಲ್ಲೇ ತಿಳಿಯಿತು.

“ಅವತ್ತ ಹೇಳಬೇಕಿತ್ತು ಮಮ್ಮಿ. ಅದು ನನ್ನ ರಿಪೋರ್ಟ್. ನಿಂದಲ್ಲ.”

“ಹೌದು.”

“ಮುಂದಿನ ಸಲ ಡಾಕ್ಟರಿಗೆ ನಾನ ಹೇಳತೀನಿ,” ಎಂದು ಇಳಿದು, ಬಾಗಿಲು ಜೋರಾಗಿ ಹಾಕಿ ಹೋದಳು. ನಾಲ್ಕು ದಿನ ಬೇಕಾದಷ್ಟು ಮಾತ್ರ ಮಾತಾಡಿದಳು. ಐದನೇ ದಿನ ತಾನಾಗಿ ಬಂದು, ಊಟದ ಪಟ್ಟಿ ಹಿಡಿದು, ಹೆಸರುಕಾಳು ನೆನೆಹಾಕಿದೆಯಾ ಎಂದು ಕೇಳಿದಳು. ನನ್ನನ್ನು ಕ್ಷಮಿಸಿದಳೋ ಇಲ್ಲವೋ ನಾನು ಕೇಳಲಿಲ್ಲ. ಅವಳು ದಿನಕ್ಕೆ ಐದು ಸಲ ಉಂಡಳು. ಉಂಡ ಮೇಲೆ ಅವ್ವನ ಯಂತ್ರದಲ್ಲೇ ಬೆರಳು ಚುಚ್ಚಿ ಶುಗರ್ ನೋಡಿಕೊಂಡಳು. ಸಂಜೆ ಅಜ್ಜಿ ಮೊಮ್ಮಗಳಿಬ್ಬರೂ ಓಣಿಯ ತುದಿಯವರೆಗೆ ನಡೆದು ಬರುತ್ತಿದ್ದರು. ತಾಟಿನ ರೊಟ್ಟಿಗೆ ಅವ್ವ ಮತ್ತೆ ಕೈ ಹಾಕಲಿಲ್ಲ, ಆದರೆ ಮಗಳು ಉಣ್ಣುವಾಗ ಎದುರು ಕೂರುತ್ತಲೂ ಇರಲಿಲ್ಲ. ಅಷ್ಟು ವರ್ಷದ ಅಂಜಿಕೆ ಒಂದು ಮಧ್ಯಾಹ್ನದಲ್ಲಿ ಹೋಗುವಂಥದ್ದಾಗಿರಲಿಲ್ಲ.

ದಿನ ತುಂಬಿ ಹೆರಿಗೆಯಾಯಿತು, ಸಹಜವಾಗಿಯೇ. ಹೆಣ್ಣು ಕೂಸು, ಎರಡು ಕಿಲೋ ಒಂಬೈನೂರು ಗ್ರಾಂ. ನರ್ಸ್ ತೂಕ ಹೇಳಿದಾಗ ಅವ್ವ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದು, “ಅಷ್ಟ ದೊಡ್ಡದೇನ? ತಾಯಿ ಹೆಂಗದಾಳ?” ಎಂದು ಎರಡೆರಡು ಸಲ ಕೇಳಿದಳು. ತಾಯಿ ಚೆನ್ನಾಗಿದ್ದಾಳೆಂದು ನರ್ಸ್ ಹೇಳಿದರೂ ನಂಬದೆ, ಒಳಗೆ ಬಿಡುವವರೆಗೂ ಬಾಗಿಲ ಬಳಿಯೇ ನಿಂತಿದ್ದಳು.

ಆರು ವಾರದ ನಂತರದ ಪರೀಕ್ಷೆಯಲ್ಲಿ ಮಗಳ ಶುಗರ್ ಸರಿಯಿತ್ತು. ವರ್ಷಕ್ಕೊಮ್ಮೆ ನೋಡಿಸಿಕೊಳ್ಳಲು ಹೇಳಿದ್ದಾರೆ. ಕೂಸಿನ ದೇಹದಲ್ಲಿ ಯಾವ ಗುರುತು ಅಳಿದಿದೆ, ಯಾವುದು ಉಳಿದಿದೆ ಎಂದು ನನಗೆ ತಿಳಿಯದು. ತಿಳಿಯುವ ಕಾಲಕ್ಕೆ ನಾನು ಇರುವುದೂ ಇಲ್ಲ.

ಕಳೆದ ತಿಂಗಳು ಅವ್ವ ಎಂಟು ದಿನ ಇದ್ದುಬರಲು ಬೀಡಿಗೆ ಹೋಗಿದ್ದಳು. ವಾಪಸು ಬಂದವಳ ಮುಖ ಬಿಗಿದಿತ್ತು. ದೊಡ್ಡವ್ವನ ಮನೆಯ ಬಾಜು ಮನೆಯಲ್ಲಿ ಆರು ತಿಂಗಳ ಬಸುರಿ ಸೊಸೆ ಇದ್ದಾಳಂತೆ. ಅತ್ತೆ ಅವಳ ತಾಟಿನಲ್ಲಿ ಅನ್ನ ಕಡಿಮೆ ಮಾಡುವುದನ್ನು ಅವ್ವ ಕಂಡಳಂತೆ.

“ನಾ ಹೋಗಿ ಹೇಳಿದೆ, ಹಂಗ ಮಾಡಬ್ಯಾಡ್ರಿ, ಹೊಟ್ಟಿ ತುಂಬ ಹಾಕ್ರಿ ಅಂತ.”

“ಏನಂದ್ರು?”

“ನಿಮ್ಮ ಕಾಲದಾಗ ಎಲ್ಲಾರೂ ಹಂಗ ಮಾಡ್ಯಾರ, ನಿಮಗೇನ ಆಗೇತ್ರಿ ಅಂತ ನನ್ನ ಕೇಳಿದ್ಲು.” ಅವ್ವ ಚೀಲದಿಂದ ಇನ್ಸುಲಿನ್ ಡಬ್ಬಿ ತೆಗೆದು ಫ್ರಿಜ್ಜಿನೊಳಗಿಟ್ಟಳು. “ಇದನ್ನ ತೋರಿಸಿದೆ. ಆದ್ರೂ ಕೇಳವಲ್ಲು. ಮುಂದಿನ ಆಯಿತವಾರ ಮತ್ತ ಹೋಗತೀನಿ. ನನ್ನ ಬಸ್‌ಸ್ಟ್ಯಾಂಡಿಗೆ ಬಿಡು.”